ಲೈನ್ ಫಾಲೋವರ್‌ಗೆ ಯಾವ ಐಆರ್ ಸೆನ್ಸರ್: ಬಿಡಿ ಮಾಡ್ಯೂಲೋ, ಅನಲಾಗ್ ಪಟ್ಟಿಯೋ?

ಲೈನ್ ಫಾಲೋವರ್ ಎಂದರೆ ನೆಲದ ಕಪ್ಪು ಗೆರೆ ಹಿಡಿದು ಓಡುವ ರೋಬೋ. ಎಲ್‌ಇಡಿಯಿಂದ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು) ಬಿಟ್ಟು, ನೆಲದಿಂದ ಮರಳಿದ್ದನ್ನು ಅಳೆಯುವ ಸೆನ್ಸರ್ ಅದಕ್ಕೆ ಕಣ್ಣು. ಬಿಡಿ ಮಾಡ್ಯೂಲ್, ಅನಲಾಗ್ ಪಟ್ಟಿ ಎರಡನ್ನೂ ಒಂದೇ ಚಾಸಿಗೆ (ರೋಬೋದ ಚೌಕಟ್ಟಿಗೆ) ಕಟ್ಟಿ ಓಡಿಸಿದ ಮೇಲೆ ಹೇಳುತ್ತಿದ್ದೇನೆ: ಸ್ಪರ್ಧೆಗಾದರೆ ಎಂಟು ಸೆನ್ಸರ್‌ಗಳ, ಎಷ್ಟು ಕಪ್ಪು ಎಂಬುದನ್ನು ಅಂಕಿಯಲ್ಲಿ ಹೇಳುವ ಅನಲಾಗ್ ಪಟ್ಟಿಯನ್ನೇ ಹಾಕಿ. ಎಲ್‌ಎಂ393 ಚಿಪ್ಪಿನ (ಎರಡು ವೋಲ್ಟೇಜ್ ಹೋಲಿಸುವ ಚಿಪ್ಪು) ಬಿಡಿ ಮಾಡ್ಯೂಲ್ ಅಗ್ಗ, ವೈರಿಂಗೂ ಸುಲಭ. ಆದರೆ ಅದರ ಮೇಲಿರುವ ಪುಟ್ಟ ಪೊಟೆನ್ಶಿಯೋಮೀಟರ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಒಂದೇ ಸಾಕು, ಇಡೀ ಓಟ ಕೆಡಿಸಲು.

ಈ ಮಾಡ್ಯೂಲ್ ಕಪ್ಪೋ ಬಿಳಿಯೋ ಎಂದಷ್ಟೇ ಹೇಳುತ್ತದೆ. ಎರಡರ ನಡುವಿನ ಗಡಿಯನ್ನು ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಕೂರಿಸಬೇಕು. ಲ್ಯಾಬಿನ ಟ್ಯೂಬ್‌ಲೈಟಿನಡಿ ಕೂರಿಸಿದ್ದು ಕಿಟಕಿ ಪಕ್ಕದ ಟ್ರ್ಯಾಕ್‌ನಲ್ಲಿ ನಿಲ್ಲುವುದಿಲ್ಲ. ಬಿಸಿಲಿನಲ್ಲೇ ಐಆರ್ ಧಾರಾಳವಾಗಿರುವುದರಿಂದ ಕಪ್ಪು ಗೆರೆಯೂ ಬಿಳಿಯೆಂದೇ ಓದಿಸಿಕೊಳ್ಳುತ್ತದೆ, ರೋಬೋ ತಿರುವಿನಲ್ಲಿ ನೇರ ಹೊರಗೆ ಹೋಗುತ್ತದೆ. ಐದು ಮಾಡ್ಯೂಲ್ ಇದ್ದರೆ ಐದನ್ನೂ ಮತ್ತೆ ತಿರುಗಿಸಬೇಕು, ಅದೂ ಸರದಿ ಬರುವಷ್ಟರಲ್ಲಿ. ಇಷ್ಟಾದರೂ ಮೋಟಾರ್ ಜೋರಾಗಿ ಎಳೆದಾಗ ವೋಲ್ಟೇಜ್ ಕುಸಿದು ಎಲ್‌ಇಡಿ ಮಂಕಾದರೆ ಗಡಿ ಮತ್ತೆ ಜಾರುತ್ತದೆ.

ಪಟ್ಟಿಯಲ್ಲಿ ಈ ಕೆಲಸ ಕೋಡ್‌ನದು. ಶುರುವಿನಲ್ಲಿ ರೋಬೋವನ್ನು ಮೂರ್ನಾಲ್ಕು ಸೆಕೆಂಡ್ ಗೆರೆಯ ಮೇಲೆ ಆಚೀಚೆ ಆಡಿಸಿ, ಪ್ರತಿ ಸೆನ್ಸರ್‌ನ ಕನಿಷ್ಠ, ಗರಿಷ್ಠ ಅಂಕಿ ಹಿಡಿದು 0–1000ಕ್ಕೆ (ಬಿಳಿಗೆ 0, ಕಪ್ಪಿಗೆ 1000) ಹೊಂದಿಸಿ. ಎಲ್‌ಇಡಿ ನಂದಿಸುವ ಪಿನ್ ಇರುವ ಪಟ್ಟಿಯನ್ನೇ ಕೊಳ್ಳಿ. ನಂದಿಸಿ ಒಮ್ಮೆ, ಉರಿಸಿ ಒಮ್ಮೆ ಓದಿ ಕಳೆದರೆ ಹೊರಗಿನ ಬೆಳಕು ಲೆಕ್ಕದಿಂದ ಹೋಗುತ್ತದೆ. ನೇರ ಬಿಸಿಲು ಬಿದ್ದು ಸೆನ್ಸರ್ ಪೂರ್ತಿ ತುಂಬಿಹೋಗಿದ್ದರೆ (ಅಳತೆಯ ಮಿತಿ ಮುಟ್ಟಿದ್ದರೆ) ಮಾತ್ರ ಕಳೆದೂ ಉಪಯೋಗವಿಲ್ಲ. ಸುತ್ತ ಮರೆ ಕಟ್ಟಲೇಬೇಕು.

ಇನ್ನೊಂದು ಲಾಭ ಲೆಕ್ಕದಲ್ಲೇ ಕಾಣುತ್ತದೆ. 3ನೇ ಸೆನ್ಸರ್ 800, 4ನೆಯದು 400, ಉಳಿದವು ಸೊನ್ನೆ ಎಂದುಕೊಳ್ಳಿ. (3×800 + 4×400) ÷ 1200 = 3.33. ಗೆರೆ ಇರುವುದು ಅಲ್ಲಿ. ಬಿಡಿ ಮಾಡ್ಯೂಲ್‌ಗಳ ಸಾಲು ಇದನ್ನು 3 ಅಥವಾ 3.5 ಎನ್ನುತ್ತದೆ. ಪಿಡಿ ಕಂಟ್ರೋಲ್‌ಗೆ (ಗೆರೆಯಿಂದ ಎಷ್ಟು ದೂರ, ಆ ದೂರ ಎಷ್ಟು ಬೇಗ ಬದಲಾಗುತ್ತಿದೆ ಎಂದು ನೋಡಿ ತಿರುಗಿಸುವ ಲೆಕ್ಕಕ್ಕೆ) ಇಷ್ಟು ಒರಟು ಅಂಕಿ ಕೊಟ್ಟರೆ ರೋಬೋ ತೊನೆಯದೆ ಇನ್ನೇನು ಮಾಡೀತು?

ನೆಲದಿಂದ ಸೆನ್ಸರ್‌ನ ಎತ್ತರ ಎರಡಕ್ಕೂ ಸುಮಾರು 3 ಮಿ.ಮೀ.

ಪಟ್ಟಿಯ ತೊಡಕು ಪಿನ್‌ಗಳದು: ಎಂಟು ಸೆನ್ಸರ್‌ಗೆ ಎಂಟು ಅನಲಾಗ್ ಪಿನ್ ಬೇಕು. ರೋಬೋವನ್ನು ನಡೆಸುವ ಬೋರ್ಡ್ ಆರ್ಡುಯಿನೊ ಯುನೊ ಆದರೆ ಅನಲಾಗ್ ಪಿನ್ ಆರೇ; ನ್ಯಾನೊದಲ್ಲಿ ಎಂಟಿವೆ.

ಅಭ್ಯಾಸದ ಟ್ರ್ಯಾಕ್ ಪ್ರಿಂಟ್ ಮಾಡುವವರು ಇದನ್ನು ಗಮನಿಸಿ: ಕಣ್ಣಿಗೆ ಕಪ್ಪಾದ ಕೆಲವು ಇಂಕ್‌ಗಳು ಐಆರ್ ಹೀರುವುದಿಲ್ಲ, ಸೆನ್ಸರ್‌ಗೆ ಬಿಳಿಯಾಗಿಯೇ ಕಾಣುತ್ತವೆ. ಕಾರ್ಬನ್ ಇರುವ ಕಪ್ಪು ಬಳಸಿ.

ಕೈಯಲ್ಲಿ ದುಡ್ಡು ಕಡಿಮೆ, ಮೇಜಿನ ಅಂಚು ಕಂಡಾಗ ನಿಂತರೆ ಸಾಕು ಎನ್ನುವವರಿಗೆ ಎರಡು ಬಿಡಿ ಮಾಡ್ಯೂಲ್ ಧಾರಾಳವಾಯಿತು. ಗೆರೆ ಹಿಡಿದು ಓಡುವುದಾದರೆ ಮೋಟಾರ್‌ನಲ್ಲಿ ಉಳಿಸಿಯಾದರೂ ಪಟ್ಟಿಯನ್ನೇ ಕೊಳ್ಳಿ.