256 ಎಂಬಿ ರ‍್ಯಾಮಿನ ಯಂತ್ರದಲ್ಲಿ ಡೆಬಿಯನ್ 12

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಇರುವ ನಮ್ಮ ಟ್ಯೂಷನ್ ಕೇಂದ್ರದಲ್ಲಿ, ಪ್ರಶ್ನೆಪತ್ರಿಕೆಗಳ ಕಡತಗಳನ್ನು ಎಲ್ಲ ಕಂಪ್ಯೂಟರುಗಳಿಗೂ ಒದಗಿಸಲು, ಮೂಲೆ ಸೇರಿದ್ದ 256 ಎಂಬಿ ರ‍್ಯಾಮಿನ 32 ಬಿಟ್ ಯಂತ್ರಕ್ಕೆ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಅಳವಡಿಸಿದ್ದೇವೆ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲದ ಕಾರಣ ಹಿಂದಿನ ಆವೃತ್ತಿಯನ್ನೇ ಆರಿಸಬೇಕಾಯಿತು.

ಮೆಚ್ಚಬೇಕಾದದ್ದು ಇದರ ಇನ್‌ಸ್ಟಾಲರನ್ನು. ರ‍್ಯಾಮ್ ಕಡಿಮೆಯಿದೆಯೆಂದು ತಾನೇ ಗುರುತಿಸಿ ಅದು ‘ಲೋ ಮೆಮೊರಿ ಮೋಡ್’ಗೆ ಇಳಿಯುತ್ತದೆ, ಆಮೇಲೆ ಭಾಷೆಯ ಆಯ್ಕೆಯನ್ನು ಕೈಬಿಟ್ಟು ಇಂಗ್ಲಿಷಿನಲ್ಲೇ ಮುಂದುವರಿದು, ತನ್ನ ಯಾವ ಯಾವ ಭಾಗಗಳನ್ನು ಲೋಡ್ ಮಾಡಬೇಕೆಂದು ನಮ್ಮನ್ನೇ ಕೇಳುತ್ತದೆ. ಚಿತ್ರಾತ್ಮಕ ಇನ್‌ಸ್ಟಾಲರಿನಲ್ಲಿ ಕನ್ನಡ ಸಿಗುತ್ತದಾದರೂ ಇಷ್ಟು ಬಡ ಯಂತ್ರದಲ್ಲಿ ಆ ಭಾಗ್ಯವಿಲ್ಲ. ಡಿಸ್ಕ್ ವಿಭಜಿಸುವಾಗ, ರ‍್ಯಾಮ್ ಸಾಲದಿದ್ದಾಗ ಅದರ ಬದಲು ಬಳಕೆಯಾಗುವ ಸ್ವಾಪ್‌ಗೆ ಜಾಗ ಬಿಡುವುದು ಅತ್ಯಗತ್ಯ, ಏಕೆಂದರೆ ಮುಂದಿನ ಹಂತಗಳಲ್ಲಿ ಇನ್‌ಸ್ಟಾಲರಿಗೂ ಅದೇ ಆಸರೆ.

ಸಾಫ್ಟ್‌ವೇರ್ ಆಯ್ಕೆಯ ಪರದೆಯಲ್ಲಿ ಡೆಸ್ಕ್‌ಟಾಪಿನ ಗುರುತುಗಳನ್ನೆಲ್ಲ ತೆಗೆದು, ಬೇರೆ ಕಂಪ್ಯೂಟರಿನಿಂದಲೇ ಈ ಯಂತ್ರವನ್ನು ನಿರ್ವಹಿಸಲು ನೆರವಾಗುವ ಎಸ್ಎಸ್ಎಚ್ ಸರ್ವರ್ ಮತ್ತು ಸಾಮಾನ್ಯ ಬಳಕೆಯ ಸಲಕರಣೆಗಳಾದ ಸ್ಟ್ಯಾಂಡರ್ಡ್ ಯುಟಿಲಿಟೀಸ್ ಎರಡನ್ನೇ ಉಳಿಸಿಕೊಂಡೆವು. ಪ್ಯಾಕೇಜುಗಳು ಬಿಚ್ಚಿಕೊಳ್ಳುವ ವೇಗ ಮಾತ್ರ ತಾಳ್ಮೆಯನ್ನು ಪರೀಕ್ಷಿಸುವಂಥದ್ದು. ನಮ್ಮೂರಿನ ಬೇಸಿಗೆಯ ಕರೆಂಟಿನ ಭರವಸೆಯ ಮೇಲೆ ಈ ಕೆಲಸಕ್ಕೆ ಕೂರದೆ ಯುಪಿಎಸ್ ಜೋಡಿಸಿಕೊಳ್ಳುವುದು ಲೇಸು.

ಸಾಂಬಾ ಎಂಬ ತಂತ್ರಾಂಶದ ಮೂಲಕ ಇತರ ಕಂಪ್ಯೂಟರುಗಳಿಗೆ ಕಡತ ಹಂಚುವುದಕ್ಕೆ ಈ ವ್ಯವಸ್ಥೆ ಧಾರಾಳವಾಗಿ ಸಾಕು. ಡೇಟಾಬೇಸ್ ಸಹಿತ ಜಾಲತಾಣ ನಡೆಸುವ ಆಸೆಯಿದ್ದವರು ಮೊದಲು ಇನ್ನಷ್ಟು ರ‍್ಯಾಮ್ ಕೊಳ್ಳಲಿ.