ಬೆರಳಿಟ್ಟು ನೋಡುವ ಇಸಿಜಿ ಯಂತ್ರ: ಎರಡು ವರ್ಷ ಬಳಸಿದ ಮೇಲೆ

ಎದೆ ಆಗಾಗ ಧಸಕ್ಕೆನ್ನುತ್ತಿತ್ತು. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತಿತ್ತು. ಅದಕ್ಕೇ ಈ ಪುಟ್ಟ ಯಂತ್ರ ಕೊಂಡೆ. ಎರಡು ವರ್ಷ ದಾಟಿದೆ, ಇನ್ನೂ ಚೆನ್ನಾಗಿದೆ. ಬಿಲ್ಲೆ ಬ್ಯಾಟರಿ ಒಮ್ಮೆ ಬದಲಿಸಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ.

ಎರಡೂ ಕೈಬೆರಳುಗಳನ್ನು ಲೋಹದ ಪಟ್ಟಿಗಳ ಮೇಲಿಟ್ಟು 30 ಸೆಕೆಂಡು ಅಲ್ಲಾಡದೆ ಕೂರಬೇಕು. ಬೆರಳು ಒಣಗಿದ್ದರೆ ಫೋನಿನಲ್ಲಿ ಬರುವ ಗೆರೆ ಪೂರ್ತಿ ಗರಗಸದ ಹಲ್ಲು. ಚೂರು ನೀರು ಸವರಿ, ಮೊಣಕೈಯನ್ನು ಮೇಜಿಗೆ ಊರಿದರೆ ಗೆರೆ ಸ್ವಚ್ಛ.

ಒಂದು ರಾತ್ರಿ ಧಸಕ್ಕೆಂದ ಹೊತ್ತಿಗೇ ಗೆರೆ ಸಿಕ್ಕಿತು. ಸಾಲಾಗಿ ಬರುತ್ತಿದ್ದ ಚೂಪು ಅಲೆಗಳ ನಡುವೆ ಒಂದು ಅಗಲವಾದ ಅಲೆ ಅವಸರದಲ್ಲಿ ನುಗ್ಗಿತ್ತು, ಅದರ ಹಿಂದೆಯೇ ಉದ್ದನೆಯ ಬಿಡುವು. ಆ್ಯಪ್ 'ವರ್ಗೀಕರಿಸಲಾಗಲಿಲ್ಲ' ಎಂದು ಕೈತೊಳೆದುಕೊಂಡಿತು. ಪಿಡಿಎಫ್ ನೋಡಿದ ವೈದ್ಯರು ತಡಮಾಡದೆ ಹೇಳಿದರು: ಹೃದಯದ ಕೆಳಕೋಣೆಯಿಂದ ಹೊರಟ ಹೆಚ್ಚುವರಿ ಬಡಿತ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯ ಸರಿಯಾಗಿತ್ತು. ನನ್ನ ಮಟ್ಟಿಗೆ ಕೊಟ್ಟ ದುಡ್ಡು ಅಲ್ಲಿಗೇ ವಸೂಲು.

ಲಯ ತಪ್ಪುವುದನ್ನು ಹಿಡಿಯುವುದೇ ಇದರ ನಿಜವಾದ ಕೆಲಸ. ಅದರಲ್ಲೂ ಬಂದುಹೋಗುವ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲ್ಕೋಣೆಗಳು ಲಯವಿಲ್ಲದೆ ಅದುರುವ ತೊಂದರೆ. ಅದಿದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 5 ಪಟ್ಟು ಎನ್ನುತ್ತಾರೆ, ಹಾಗಾಗಿ ಬೇಗ ಸಿಕ್ಕಿದಷ್ಟೂ ಒಳ್ಳೆಯದು.

ಸಿಟ್ಟು ಬರುವುದು ಆ್ಯಪಿನ 'ಅಪಾಯ ಅಂಕ' ನೋಡಿದಾಗ. ಚಂದಾ ಕಟ್ಟಿದರೆ ಹಸಿರು-ಕೆಂಪು ಚಕ್ರ ತೋರಿಸಿ ಮುಂದಿನ ಹೃದ್ರೋಗ ಹೇಳುತ್ತೇನೆ ಅನ್ನುತ್ತದೆ. ಆದರೆ ರಕ್ತದೊತ್ತಡ, ಕೊಲೆಸ್ಟ್ರಾಲ್, ಸಕ್ಕರೆ, ಸಿಗರೇಟು ಒಂದನ್ನೂ ಕೇಳುವುದಿಲ್ಲ! ಇಸಿಜಿಯಿಂದ ಭವಿಷ್ಯ ಊಹಿಸುವುದು ಸುಳ್ಳೇನಲ್ಲ. ಸಹಜ ಲಯದ ಇಸಿಜಿಯಲ್ಲೇ ಅಡಗಿರುವ ಫಿಬ್ರಿಲೇಶನ್ನಿನ ಸುಳಿವನ್ನು ಕಂಪ್ಯೂಟರ್ ಹುಡುಕಬಲ್ಲದೆಂದು ಮೇಯೊ ಕ್ಲಿನಿಕ್ಕಿನವರು 2019ರಲ್ಲಿ ತೋರಿಸಿದ್ದಾರೆ. ಅವರು ಬಳಸಿದ್ದು ಮೈಗೆ 10 ಎಲೆಕ್ಟ್ರೋಡ್ ಅಂಟಿಸಿ ತೆಗೆಯುವ 12 ಲೀಡ್ ಇಸಿಜಿ, ಅಂದರೆ ಹೃದಯದ ವಿದ್ಯುತ್ತನ್ನು 12 ಕೋನಗಳಿಂದ ನೋಡುವಂಥದ್ದು. ನನ್ನ ಯಂತ್ರಕ್ಕೆ ಇರುವುದು ಒಂದೇ ಲೀಡ್.

ಹೃದಯಾಘಾತವನ್ನಂತೂ ಇದು ಹಿಡಿಯುವುದಿಲ್ಲ. ರಕ್ತನಾಳ ಕಟ್ಟಿಕೊಳ್ಳುತ್ತಿದ್ದರೂ ಸುಮ್ಮನೆ ಕೂತಾಗ ತೆಗೆದ ಗೆರೆ ಸಹಜವಾಗಿಯೇ ಇರಬಹುದು, ಆಸ್ಪತ್ರೆಯ 12 ಲೀಡಿನಲ್ಲೂ ಅಷ್ಟೆ. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡರೆ ಬೆರಳಿಟ್ಟು ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.

ಇನ್ನೊಂದು ಕಾಟ: ದಿನಕ್ಕೆ ಹತ್ತು ಸಲ ನೋಡಬೇಕೆನಿಸುತ್ತದೆ. ಗಾಬರಿ ಸ್ವಭಾವದವರಿಗೆ ಕೊಡಿಸುವ ಮುಂಚೆ ಯೋಚಿಸಿ. ಬಡಿತ ತಪ್ಪಿದ ಅನುಭವ ಇರುವವರು ಧಾರಾಳವಾಗಿ ಕೊಳ್ಳಿ, ಚಂದಾ ಮಾತ್ರ ಕಟ್ಟಬೇಡಿ. 5ಕ್ಕೆ 4 ಕೊಡುತ್ತೇನೆ. ಉಳಿದ ಒಂದನ್ನು ಕಿತ್ತುಕೊಂಡದ್ದು ಆ ಚಕ್ರ.