ಅರ್ಧ ಗಂಟೆಗೊಂದು ಕರೆಂಟ್ ದರ: ಕೆಲವು ವರ್ಷ ಬಳಸಿದ ಮೇಲೆ

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಗೆ ಕೆಲವು ವರ್ಷಗಳಿಂದ ಆಕ್ಟೋಪಸ್ ಕಂಪನಿಯ ಅಜೈಲ್ ದರದಲ್ಲಿ ಕರೆಂಟ್ ಬರುತ್ತಿದೆ. ಇಲ್ಲಿನ ಕನ್ನಡದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ, ಸ್ಮಾರ್ಟ್ ಮೀಟರ್ ಹಾಕಿಸಿದ್ರೆ ಬಿಲ್ ಕಮ್ಮಿ ಆಗುತ್ತಾ ಅಂತ. ಬಳಕೆಯ ಲೆಕ್ಕವನ್ನು ತಾನೇ ಕಂಪನಿಗೆ ಕಳಿಸುವ ಮೀಟರ್ ಅದು. ಮೀಟರ್ ಹಾಕಿಸಿದ ಮಾತ್ರಕ್ಕೆ ಒಂದು ಪೆನ್ನಿಯೂ ಕಮ್ಮಿ ಆಗುವುದಿಲ್ಲ. ಉಳಿತಾಯ ಬರುವುದು ಆ ಮೀಟರ್ ಇದ್ದರೆ ಮಾತ್ರ ಸಿಗುವ ದರದಿಂದ. ಅದೂ ಬೇರೆ ಹೊತ್ತಿಗೆ ಹಾಕಬಹುದಾದ ಕೆಲಸ ನಿಮ್ಮ ಮನೆಯಲ್ಲಿ ಇದ್ದರೆ.

ಅಜೈಲ್ ಶುರುವಾಗಿದ್ದು 2018ರಲ್ಲಿ. ದಿನಕ್ಕೆ 48 ದರ, ಅರ್ಧ ಗಂಟೆಗೊಂದು. ನಾಳೆಯ ದರ ಇವತ್ತು ಸಂಜೆ ನಾಲ್ಕರ ಹೊತ್ತಿಗೆ ಆ್ಯಪ್‌ನಲ್ಲಿ ಬರುತ್ತದೆ. ಸಗಟು ಮಾರುಕಟ್ಟೆಯಲ್ಲಿ ಕರೆಂಟ್ ಯಾವ ಬೆಲೆಗೆ ಹೋಯಿತೋ ಅದರ ಮೇಲೆ ಲೆಕ್ಕ. ಎಪಿಎಂಸಿಗೆ ಟೊಮೆಟೊ ಜಾಸ್ತಿ ಬಂದ ದಿನ ಬೆಲೆ ಬೀಳುತ್ತದಲ್ಲ, ಹಾಗೆ ಜೋರು ಗಾಳಿ ಬೀಸಿದ ರಾತ್ರಿ, ಒಳ್ಳೆಯ ಬಿಸಿಲಿನ ಮಧ್ಯಾಹ್ನ ಇಲ್ಲೂ ದರ ಇಳಿಯುತ್ತದೆ. ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಆಗ ನಾವು ಬಳಸಿದ ಪ್ರತಿ ಯೂನಿಟ್‌ಗೆ ನಮ್ಮ ಖಾತೆಗೇ ದುಡ್ಡು ಸೇರುತ್ತದೆ. ಆದರೆ ಬಳಸಿದರೂ ಬಳಸದಿದ್ದರೂ ಕಟ್ಟಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜ್ ಮಾತ್ರ ಯಾವತ್ತೂ ತಪ್ಪುವುದಿಲ್ಲ, ಅದನ್ನು ಮರೆಯಬೇಡಿ.

ಇದರ ಇನ್ನೊಂದು ಮುಖ ಸಂಜೆ ನಾಲ್ಕರಿಂದ ಏಳು. ಆ ಮೂರು ಗಂಟೆ ದರ ಏರಿಯೇ ಇರುತ್ತದೆ. ಚಳಿಗಾಲದಲ್ಲಂತೂ ಯೂನಿಟ್‌ಗೆ 40 ಪೆನ್ಸ್ ಕಂಡರೆ ಆಶ್ಚರ್ಯವಿಲ್ಲ. ಮಾಮೂಲಿ ದರ ಈಚಿನ ವರ್ಷಗಳಲ್ಲಿ ಹೆಚ್ಚುಕಮ್ಮಿ 25 ಪೆನ್ಸ್ ಆಸುಪಾಸಿನಲ್ಲಿದೆ, ಅದರ ಜೊತೆ ಹೋಲಿಸಿ ನೋಡಿ. 2021ರ ಕೊನೆಯಲ್ಲಿ ಗ್ಯಾಸ್ ಬೆಲೆ ಏರಿ ಸಗಟು ಕರೆಂಟ್ ಬೆಲೆಯೂ ಏರಿದಾಗ ಅಜೈಲ್ ದರ ಆಗಿನ ಗರಿಷ್ಠ ಮಿತಿಯಾದ 35 ಪೆನ್ಸ್‌ಗೆ ಹೋಗಿ ಹೋಗಿ ನಿಲ್ಲುತ್ತಿತ್ತು. ಈಗ ಆ ಮಿತಿ 100 ಪೆನ್ಸ್. ಅಂದರೆ ಒಂದು ಯೂನಿಟ್‌ಗೆ ಒಂದು ಪೌಂಡ್! ದಿನಾ ಹಾಗಿರುವುದಿಲ್ಲ. ಆದರೆ ಚಳಿಗಾಲದಲ್ಲಿ ಗಾಳಿಯೂ ಇಲ್ಲದೆ ಬಿಸಿಲೂ ಇಲ್ಲದೆ ದಿನಗಟ್ಟಲೆ ಮಂಕು ಕವಿದಾಗ ಸಂಜೆಯ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಬಿಗಿ ಬಜೆಟ್ ಮೇಲೆ ಬದುಕುವ ಮನೆಗೆ ಈ ಏರಿಳಿತ ನಿಜಕ್ಕೂ ಕಷ್ಟ. "ಸರಾಸರಿ ನೋಡಿದರೆ ಅಗ್ಗವೇ" ಅಂತ ಯಾರಾದರೂ ಹೇಳಿದರೆ, ಆ ತಿಂಗಳ ಬಿಲ್ ಕಟ್ಟುವವರು ಯಾರು ಅಂತ ನಾನು ಕೇಳುತ್ತೇನೆ.

ಇನ್ನು ಅಡುಗೆಮನೆಗೆ ಬರೋಣ. ನಮ್ಮಂಥವರ ಲೆಕ್ಕ ತಪ್ಪುವುದು ಇಲ್ಲೇ. ನಮ್ಮತ್ತೆ ಊರಿಂದ ಬಂದಿದ್ದಾಗ ದಿನಾ ಕೇಳುತ್ತಿದ್ದರು, "ಈಗ ಗ್ರೈಂಡರ್ ಹಾಕ್ಲೇನಮ್ಮಾ, ರೇಟ್ ಜಾಸ್ತಿ ಇದ್ಯಾ?" ಸದ್ದು ಮಾಡುವ ಯಂತ್ರ ಜಾಸ್ತಿ ಕರೆಂಟ್ ತಿನ್ನುತ್ತದೆ ಅನ್ನುವುದು ನಮ್ಮೆಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಟೇಬಲ್ ಟಾಪ್ ಗ್ರೈಂಡರ್ ಎಳೆಯುವುದು ಹೆಚ್ಚೆಂದರೆ 150 ವ್ಯಾಟ್. ಅರ್ಧ ಗಂಟೆ ರುಬ್ಬಿದರೂ 0.075 ಯೂನಿಟ್. 40 ಪೆನ್ಸ್ ದರದಲ್ಲೂ ಮೂರೇ ಪೆನ್ಸ್. ಯಾವಾಗ ಬೇಕಾದರೂ ರುಬ್ಬಿಕೊಳ್ಳಿ.

ಸದ್ದಿಲ್ಲದೆ ನುಂಗುವುದು ಬಚ್ಚಲಿನ ಎಲೆಕ್ಟ್ರಿಕ್ ಶವರ್. ನಮ್ಮದು 9.5 ಕಿಲೋವ್ಯಾಟ್. ಅದನ್ನು ಹಾಕಿದ ತಕ್ಷಣ ಸ್ಮಾರ್ಟ್ ಮೀಟರ್ ಜೊತೆ ಬಂದ, ಬಳಕೆ ತೋರಿಸುವ ಅಡುಗೆಮನೆಯ ಪುಟ್ಟ ಡಿಸ್‌ಪ್ಲೇ ಹಸಿರಿನಿಂದ ನೇರ ಕೆಂಪಿಗೆ ಹೋಗುತ್ತದೆ. ಹತ್ತು ನಿಮಿಷದ ಸ್ನಾನಕ್ಕೆ ಸುಮಾರು 1.6 ಯೂನಿಟ್. ಸಂಜೆ ಆರಕ್ಕೆ ಮಾಡಿದರೆ 60 ಪೆನ್ಸ್ ದಾಟುತ್ತದೆ, ಎಂಟರ ಮೇಲೆ 18 ಪೆನ್ಸ್ ದರದಲ್ಲಿ ಮಾಡಿದರೆ 30ಕ್ಕಿಂತ ಕಮ್ಮಿ. ಆಟ ಮುಗಿಸಿ ಬಂದ ಮಕ್ಕಳಿಗೆ "ಊಟ ಆದ್ಮೇಲೆ ಸ್ನಾನ" ಅಂದಿದ್ದರಿಂದ ಉಳಿದಷ್ಟು ದುಡ್ಡು, ಲೈಟ್ ಆರಿಸಿ ಆರಿಸಿ ಯಾವತ್ತೂ ಉಳಿದಿಲ್ಲ.

ಬಟ್ಟೆ ತೊಳೆಯುವುದು, ಪಾತ್ರೆ ತೊಳೆಯುವ ಮೆಷಿನ್, ಡ್ರೈಯರ್, ಈ ಮೂರೂ ಸಂಜೆ ಬಿಟ್ಟು ಬೇರೆ ಯಾವ ಹೊತ್ತಿಗಾದರೂ ಹೋಗುತ್ತವೆ. ನಡುರಾತ್ರಿ ದರ ಅಗ್ಗ ಅಂತ ಎಲ್ಲರೂ ಮಲಗಿದ ಮೇಲೆ ಡ್ರೈಯರ್ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿನ ಅಗ್ನಿಶಾಮಕ ದಳದವರೇ ಬೇಡ ಅನ್ನುತ್ತಾರೆ. ಹಾಗಾಗಿ ಬೆಳಗಿನ ಜಾವ ಎದ್ದ ಮೇಲೆ, ಇಲ್ಲವೇ ಮನೆಯಿಂದ ಕೆಲಸ ಮಾಡುವ ದಿನ ಮಧ್ಯಾಹ್ನ ಹಾಕುತ್ತೇನೆ. ದಿನವಿಡೀ ಹೊರಗೆ ದುಡಿದು ಐದಕ್ಕೆ ಮನೆ ಸೇರುವವರಿಗೆ ಈ ಅನುಕೂಲ ಎಲ್ಲಿಂದ ಬರಬೇಕು?

ಅಡುಗೆಯದ್ದೇ ಬೇರೆ ಕಥೆ. ನಮ್ಮದು ಇಂಡಕ್ಷನ್ ಒಲೆ. ಸಾರು, ಪಲ್ಯವನ್ನು ಮೂರೂವರೆ ಒಳಗೆ ಮುಗಿಸಿಡಬಹುದು, ಸರಿ. ಆದರೆ ಚಪಾತಿ ತಣ್ಣಗಾದರೆ ಆಗುತ್ತಾ? ದೋಸೆ ಮೊದಲೇ ಹುಯ್ದಿಟ್ಟರೆ ಯಾರು ತಿನ್ನುತ್ತಾರೆ? ಬಿಸಿ ಬಿಸಿ ತಿನ್ನುವವರು ನಾವು. ದರ ನೋಡಿ ಊಟದ ಹೊತ್ತು ಬದಲಿಸುವುದಿಲ್ಲ ಅಂತ ಮನೆಯಲ್ಲಿ ತೀರ್ಮಾನ ಮಾಡಿದ್ದೇವೆ. ನಾಲ್ಕರಿಂದ ಏಳರಲ್ಲಿ ನಮ್ಮ ಬಳಕೆ ಅಂದರೆ ಒಲೆಯದ್ದು ಮಾತ್ರ, ಅದರ ಖರ್ಚನ್ನು ಒಪ್ಪಿಕೊಂಡಿದ್ದೇವೆ. ಮನೆ ಬೆಚ್ಚಗಿಡುವುದು ಗ್ಯಾಸ್ ಬಾಯ್ಲರ್. ಅದಕ್ಕೂ ಈ ದರಕ್ಕೂ ಸಂಬಂಧ ಇಲ್ಲ.

ಮೀಟರ್ ಬಗ್ಗೆಯೂ ಹೇಳಬೇಕು. ನಮ್ಮ ಮೊದಲ ಸ್ಮಾರ್ಟ್ ಮೀಟರ್ ಸ್ಮೆಟ್ಸ್ 1 ಅನ್ನುವ ಹಳೆಯ ತಲೆಮಾರಿನದು. ಕಂಪನಿ ಬದಲಿಸಿದ ಕೂಡಲೇ ಅದು ಮೂಕವಾಯಿತು. ಆ ಕಾಲದ ಕಂಪನಿಗೆ ಎಷ್ಟು ಸಲ ಫೋನ್ ಮಾಡಿದರೂ "ಸರಿ ಆಗುತ್ತೆ" ಅನ್ನುವ ಉತ್ತರವೇ. ತಿಂಗಳುಗಟ್ಟಲೆ ಟಾರ್ಚ್ ಹಿಡಿದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಬಗ್ಗಿ ರೀಡಿಂಗ್ ಬರೆದುಕೊಂಡೆವು. ಸ್ಮೆಟ್ಸ್ 2 ಬಂದ ಮೇಲೆ ಆ ತೊಂದರೆ ಇಲ್ಲ. ಎಲ್ಲ ಕಂಪನಿಗಳಿಗೂ ಒಂದೇ ಸಂಪರ್ಕ ಜಾಲ. ದಕ್ಷಿಣದಲ್ಲಿ ಮೊಬೈಲ್ ಸಿಗ್ನಲ್, ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನಲ್ಲಿ ರೇಡಿಯೋ. ಗ್ಯಾಸ್ ಮೀಟರ್ ಬ್ಯಾಟರಿಯದ್ದು. ಅದು ಅರ್ಧ ಗಂಟೆಗೊಮ್ಮೆ ಕರೆಂಟ್ ಮೀಟರಿನ ಮೇಲಿರುವ ಡಬ್ಬಿಗೆ ಲೆಕ್ಕ ಒಪ್ಪಿಸುತ್ತದೆ. ಆ ಡಬ್ಬಿಯ ದೀಪ ಮಿನುಗುತ್ತಿದ್ದರೆ ಎಲ್ಲ ಸರಿ ಇದೆ ಅಂತ.

ಅಡುಗೆಮನೆಯ ಡಿಸ್‌ಪ್ಲೇ ಮಾತ್ರ ಈ ದರಕ್ಕೆ ಹೊಂದುವುದಿಲ್ಲ. ಅದು ತೋರಿಸುವ ಕಿಲೋವ್ಯಾಟ್ ನಂಬಿ, ಪೌಂಡ್ ನಂಬಬೇಡಿ. ಗಳಿಗೆಗೊಂದು ದರ ಅದರ ತಲೆಗೆ ಹತ್ತುವುದಿಲ್ಲ.

ಹೊತ್ತಿಗೊಂದು ದರ ಇಲ್ಲಿ ಹೊಸತೇನಲ್ಲ. 1978ರಿಂದಲೇ ಎಕಾನಮಿ 7 ಇದೆ, ರಾತ್ರಿ ಹೊತ್ತು ಒಟ್ಟು ಏಳು ಗಂಟೆಗಳ ಕಾಲ ಅಗ್ಗದ ಕರೆಂಟ್. ಇಂಥ ಹಲವು ಹಳೆಯ ಮೀಟರ್‌ಗಳಿಗೆ ದರ ಬದಲಿಸುವ ಸೂಚನೆ ಬರುತ್ತಿದ್ದದ್ದು ಬಿಬಿಸಿ ರೇಡಿಯೋ 4ರ ಲಾಂಗ್ ವೇವ್ ಪ್ರಸಾರದ ಜೊತೆ! ಆ ಸಂಕೇತವನ್ನು 2025ರ ಜೂನ್ 30ರಿಂದ ಹಂತ ಹಂತವಾಗಿ ನಿಲ್ಲಿಸತೊಡಗಿದರು. ನಿಮ್ಮ ಬಾಡಿಗೆ ಫ್ಲಾಟ್‌ನಲ್ಲಿ ರಾತ್ರಿಯ ಅಗ್ಗದ ಕರೆಂಟಿನಲ್ಲಿ ಬಿಸಿಯಾಗಿ ಹಗಲು ಶಾಖ ಕೊಡುವ ಹಳೆಯ ಹೀಟರ್ ಇದ್ದರೆ ಯಾವ ಮೀಟರ್ ಅಂತ ಮನೆ ಮಾಲೀಕರನ್ನು ಈಗಲೇ ಕೇಳಿ.

ಯಾರಿಗೆ ಹೊಂದುತ್ತದೆ? ಎಲೆಕ್ಟ್ರಿಕ್ ಕಾರ್ ಇದ್ದರೆ ಅಜೈಲ್‌ಗಿಂತ ರಾತ್ರಿ ಚಾರ್ಜಿಂಗ್‌ಗೆಂದೇ ಇರುವ ದರ ವಾಸಿ, ಅದರಲ್ಲಿ ತಲೆನೋವು ಕಡಿಮೆ. ಹಗಲು ಮನೆಯಲ್ಲಿ ಯಾರಾದರೂ ಇರುವವರಿಗೆ ಅಜೈಲ್ ಚೆನ್ನಾಗಿದೆ, ನಾನು ಬಿಡುವ ಯೋಚನೆ ಮಾಡಿಲ್ಲ. ಪುಟ್ಟ ಮಕ್ಕಳು, ಕಾಯಿಲೆಯವರು, ಕರೆಂಟಿನಲ್ಲೇ ಬೆಚ್ಚಗಾಗುವ ಮನೆ ಅಂದರೆ ಬೇಡ. ಇಲ್ಲಿ ಸ್ಮಾರ್ಟ್ ಮೀಟರ್ ಕಡ್ಡಾಯವಲ್ಲ, ಹಾಕಿಸಲು ಕೈಯಿಂದ ದುಡ್ಡೂ ಕೊಡಬೇಕಿಲ್ಲ. ಮೊದಲು ಮೀಟರ್ ಹಾಕಿಸಿ ಮಾಮೂಲಿ ದರದಲ್ಲೇ ಇರಿ. ಒಂದೆರಡು ತಿಂಗಳ ಅರ್ಧ ಗಂಟೆಯ ಲೆಕ್ಕ ಇಳಿಸಿಕೊಂಡು, ನಾಲ್ಕರಿಂದ ಏಳರೊಳಗೆ ಎಷ್ಟು ಹೋಗುತ್ತಿದೆ ಅಂತ ನೋಡಿ. ಒಟ್ಟು ಬಳಕೆಯ ಕಾಲು ಭಾಗ ದಾಟಿದ್ದರೆ ಅಜೈಲ್‌ನಿಂದ ದೂರ ಇರಿ.

ಊರಿನವರಿಗೂ ಇದು ದೂರದ ಮಾತಲ್ಲ. ಕೇರಳದಲ್ಲಿ 2025ರ ಜನವರಿಯಿಂದ ತಿಂಗಳಿಗೆ 250 ಯೂನಿಟ್ ದಾಟುವ ಮನೆಗಳಿಗೆ ಸಂಜೆ ಆರರಿಂದ ಹತ್ತರವರೆಗೆ ಶೇ 25 ಜಾಸ್ತಿ, ಹಗಲಿನಲ್ಲಿ ಶೇ 10 ಕಮ್ಮಿ. ಅಂದರೆ ಕಾಸರಗೋಡಿನ ಕನ್ನಡದ ಮನೆಗಳೂ ಅದರೊಳಗೆ ಬಂದವು. 2023ರಲ್ಲೇ ಕೇಂದ್ರ ಸರ್ಕಾರ ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಹೊತ್ತಿನ ದರದ ನಿಯಮ ತಂದಿದೆ: ಬಿಸಿಲಿನ ಹೊತ್ತಿಗೆ ಅಗ್ಗ, ಬಳಕೆ ಹೆಚ್ಚಿರುವ ಪೀಕ್ ಹೊತ್ತಿಗೆ ಮಾಮೂಲಿ ದರದ ಕನಿಷ್ಠ 1.1 ಪಟ್ಟು. ಬೆಂಗಳೂರಿನಲ್ಲಿರುವ ನಮ್ಮಮ್ಮ ಫೋನ್‌ನಲ್ಲಿ ಇದನ್ನೇ ಕೇಳಿದಾಗ ನಾನು ಗ್ರೈಂಡರ್ ಮಾತೆತ್ತಲಿಲ್ಲ, ಗೀಸರ್ ಎಷ್ಟು ಕಿಲೋವ್ಯಾಟ್ ಅಂತ ಕೇಳಿದೆ. ಮನೆಯ ಮೇಲೆ ಸೋಲಾರ್ ನೀರಿದೆ, ಮೋಡದ ದಿನ ಮಾತ್ರ ಗೀಸರ್ ಅಂದರು. ಹಾಗಿದ್ದರೆ ಸಂಪಿನ ಮೋಟರನ್ನು ಮಧ್ಯಾಹ್ನ ಹಾಕೋದು ಅಭ್ಯಾಸ ಮಾಡಿಕೊಳ್ಳಿ ಅಮ್ಮ, ಅಷ್ಟು ಸಾಕು ಅಂದೆ.